ಸಾಲು ಮುರಿದವರು ಯಾರು?

ಬರೆಯುವವನು ಒಂದು ಕಡೆ ಸಾಲು ಮುರಿಯುತ್ತಾನೆ. ಜಾಗ ಮುಗಿಯಿತು ಅಂತ ಯಂತ್ರ ಇನ್ನೊಂದು ಕಡೆ ಸಾಲು ಮುರಿಯುತ್ತದೆ. ಎರಡೂ ಮುರಿತ ನೋಡೋಕೆ ಒಂದೇ ಥರ. ಆದರೆ ಒಂದರ ಹಿಂದೆ ಮನುಷ್ಯನ ಉಸಿರಿದೆ, ಇನ್ನೊಂದರ ಹಿಂದೆ ಕಾಗದದ ಅಗಲ ಬಿಟ್ಟು ಬೇರೇನೂ ಇಲ್ಲ. ಇವೆರಡಕ್ಕೂ ಬೇರೆ ಬೇರೆ ಗುರುತು ಹಾಕದೆ ಒಂದೇ ಮೂಟೆಗೆ ತುಂಬಿದ್ದರ ಫಲವನ್ನು ಕಂಪ್ಯೂಟರ್ ಲೋಕ ಅರವತ್ತು ವರ್ಷದಿಂದ ಉಣ್ಣುತ್ತಿದೆ. ಆ ಮೂಟೆ ಬಿಚ್ಚಿ ಹಸನು ಮಾಡುವ ಕೆಲಸದ ಚರಿತ್ರೆಯನ್ನು ನಾವು ಇಲ್ಲಿ ಹೇಳಬೇಕೆಂದಿದ್ದೇವೆ.

ಇದು ಎಂಜಿನಿಯರುಗಳ ತಲೆನೋವು, ನಮಗ್ಯಾಕೆ ಅಂತ ಗೆಳೆಯರು ಕೇಳಬಹುದು. ನಮ್ಮ ಹಳೇ ಪತ್ರಿಕೆಗಳು, ಕರಪತ್ರಗಳು, ಹಾಡಿಸಿ ಬರೆದುಕೊಂಡ ಪದಗಳು ಈಗ ಒಂದೊಂದಾಗಿ ಕಂಪ್ಯೂಟರ್ ಏರುತ್ತಿವೆ. ಏರುವಾಗ ಯಾರೋ ಒಬ್ಬರು ಅವನ್ನು 'ಶುಚಿ' ಮಾಡುತ್ತಾರೆ. ಶುಚಿ ಅನ್ನೋ ಮಾತು ಕೇಳಿದರೆ ನಮ್ಮ ಕಿವಿ ನೆಟ್ಟಗಾಗುತ್ತದೆ. ಯಾವುದು ಕೊಳೆ, ಯಾವುದು ಅಲ್ಲ ಅಂತ ತೀರ್ಮಾನ ಮಾಡುವ ಅಧಿಕಾರ ಯಾರ ಕೈಲಿತ್ತು, ಅದರಿಂದ ಯಾರು ಏನಾದರು ಅನ್ನೋದು ನಾವು ಪುಸ್ತಕ ಓದಿ ಕಲಿತ ವಿಷಯವಲ್ಲ. ಆದ್ದರಿಂದ ಈ ಶುಚಿಯ ಒಳಗೂ ಒಂದು ಸಲ ಇಣುಕಿ ನೋಡುವುದು ಒಳ್ಳೆಯದು.

ಮೊದಲು ವಸ್ತು ಏನು ಅಂತ ನೋಡೋಣ. ಸಾದಾ ಫೈಲು ಅಂದರೆ ಬರೀ ಅಕ್ಷರಗಳ ಫೈಲು. ದಪ್ಪಕ್ಷರ ಇಲ್ಲ, ಬಣ್ಣ ಇಲ್ಲ, ಚಿತ್ರ ಇಲ್ಲ. ಅಕ್ಷರದ ಹಿಂದೆ ಅಕ್ಷರ, ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಸಾಲು ಮುಗಿಯಿತು ಅನ್ನೋದಕ್ಕೂ ಅಲ್ಲಿ ಒಂದು ಸಂಖ್ಯೆಯೇ ಗುರುತು. ಅದು ಕಣ್ಣಿಗೆ ಕಾಣುವುದಿಲ್ಲ, ಅದು ಮಾಡಿದ ಕೆಲಸ ಮಾತ್ರ ಕಾಣುತ್ತದೆ. ಇದು ಬಡವರ ಫೈಲು. ಯಾವ ಕಂಪನಿಯ ತಂತ್ರಾಂಶಕ್ಕೂ ಜೀತಕ್ಕಿಲ್ಲ. ಐವತ್ತು ವರ್ಷದ ಹಿಂದೆ ಬರೆದದ್ದನ್ನೂ ಇವತ್ತು ತೆರೆಯಬಹುದು. ತೆರೆದರೆ ಕಾಣುವುದೇನು? ಒಮ್ಮೆ ಸಾಲುಗಳು ಅರ್ಧಕ್ಕೇ ತುಂಡಾಗಿ ಏಣಿ ಮೆಟ್ಟಿಲ ಹಾಗೆ ಇಳಿದಿರುತ್ತವೆ. ಒಮ್ಮೆ ಇಡೀ ಪುಸ್ತಕವೇ ಒಂದು ಸಾಲಾಗಿ ಹರಿದಿರುತ್ತದೆ. ಇನ್ನೊಮ್ಮೆ ಪ್ರತಿ ಸಾಲಿನ ಕೆಳಗೂ ಒಂದು ಖಾಲಿ ಸಾಲು ಬಂದು, ಪ್ಯಾರಾ ಎಲ್ಲಿ ಶುರು ಎಲ್ಲಿ ಮುಗೀತು ಅನ್ನೋದೇ ತಿಳಿಯುವುದಿಲ್ಲ. ಇದು ಯಾರು ಮಾಡಿದ್ದು ಅಂತ ಹುಡುಕುತ್ತಾ ಹೋದರೆ ಕಂಪ್ಯೂಟರಿಗಿಂತ ಬಹಳ ಹಿಂದಕ್ಕೆ ಹೋಗಬೇಕಾಗುತ್ತದೆ.

ಹಳೇ ಗ್ರೀಕರು, ರೋಮನ್ನರು ಪದ ಪದದ ನಡುವೆ ಜಾಗ ಬಿಡದೆ ಬರೆದ ಕಾಲ ಬಹಳ ಉದ್ದದ್ದು. ನಮ್ಮ ಶಾಸನಗಳೂ ಹಾಗೇ. ಕಲ್ಲಿನ ಅಂಚು ಬಂದ ಕಡೆ ಸಾಲು ಮುರಿಯಿತು, ಪದ ಅರ್ಧಕ್ಕೆ ನಿಂತರೂ ಸರಿ. ತಾಳೆಗರಿಯಲ್ಲಿ ಅಂಚಿನ ಜೊತೆಗೆ ದಾರ ಪೋಣಿಸುವ ತೂತೂ ಸೇರಿಕೊಂಡಿತು. ತೂತಿನ ಸುತ್ತ ಜಾಗ ಬಿಟ್ಟು, ಕಂಠದಿಂದ ಕೊರೆಯುತ್ತಾ ಹೋಗುವುದು. ಗದ್ಯವಾಗಲಿ ಪದ್ಯವಾಗಲಿ ಗರಿ ತುಂಬಿದರೆ ಮುಂದಿನ ಗರಿ. ಪದ್ಯ ಮುಗಿದರೆ ಎರಡು ಗೀಟು, ಒಂದು ಅಂಕಿ, ಅಷ್ಟೇ.

ಯಾಕೆ ಹೀಗೆ? ಗರಿ, ಚರ್ಮ ದುಬಾರಿ ಅನ್ನೋದು ಒಂದು ಕಾರಣ. ಇನ್ನೊಂದು ಕಾರಣವೂ ಇದೆ. ಓದು ಬಲ್ಲವರು ಕೆಲವರೇ. ಅವರು ಗಟ್ಟಿಯಾಗಿ ಓದುತ್ತಿದ್ದರು, ಉಳಿದವರು ಕೇಳುತ್ತಿದ್ದರು. ಎಲ್ಲಿ ನಿಲ್ಲಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅನ್ನೋದು ಓದುವವನ ಬಾಯಲ್ಲಿತ್ತು, ಬರಹದಲ್ಲಿರಲಿಲ್ಲ. ಗುರುವಿನ ಹತ್ತಿರ ಕೂತು ಕಲಿತವನಿಗೆ ಅದು ಕಷ್ಟವಿಲ್ಲ. ಹೊರಗಿನಿಂದ ಬಂದವನಿಗೆ ಆ ಬರಹ ಬಾಗಿಲಿಲ್ಲದ ಗೋಡೆ.

ಆ ಗೋಡೆಯಲ್ಲಿ ಬಾಗಿಲು ಕೊರೆದವರು ಹೊರಗಿನವರೇ. ಏಳನೇ ಶತಮಾನದ ಹೊತ್ತಿಗೆ ಐರ್ಲೆಂಡಿನ ಸನ್ಯಾಸಿಗಳು ಲ್ಯಾಟಿನ್ ಪುಸ್ತಕಗಳನ್ನು ನಕಲು ಮಾಡುವಾಗ ಪದ ಪದದ ನಡುವೆ ಜಾಗ ಬಿಡತೊಡಗಿದರು. ಲ್ಯಾಟಿನ್ ಅವರ ತಾಯಿಭಾಷೆ ಅಲ್ಲ. ಕಿವಿಯಿಂದ ಬಂದದ್ದಲ್ಲ, ಕಣ್ಣಿಂದ ಕಲಿತದ್ದು. ಯಾವ ಪದ ಎಲ್ಲಿ ಮುಗಿಯುತ್ತೆ ಅಂತ ಕಣ್ಣಿಗೆ ಕಾಣದಿದ್ದರೆ ಅವರಿಗೆ ಓದಲು ಬರುತ್ತಿರಲಿಲ್ಲ. ಅಲ್ಲಿಂದ ಈ ಪದ್ಧತಿ ಯುರೋಪಿಗೆಲ್ಲ ಹಬ್ಬಲು ಶತಮಾನಗಳೇ ಹಿಡಿದವು. ಮನೆಯಲ್ಲಿ ಮೊದಲು ಅಕ್ಷರ ಕಲಿತ ನಾವು ಈ ಮಾತನ್ನು ನೆನಪಿಡಬೇಕು. ಕಾಗದದ ಮೇಲಿನ ಖಾಲಿ ಜಾಗ ಅಲಂಕಾರಕ್ಕೆ ಬಂದದ್ದಲ್ಲ. ಹೊಸದಾಗಿ ಓದಲು ಬಂದವನ ಅಗತ್ಯದಿಂದ ಬಂದದ್ದು.

ಪ್ಯಾರಾದ ಕತೆಯೂ ಹಾಗೇ. 'ಪಾರಾಗ್ರಾಫೋಸ್' ಅಂದರೆ ಗ್ರೀಕಿನಲ್ಲಿ ಪಕ್ಕದಲ್ಲಿ ಬರೆದದ್ದು. ಮಾತಿನ ತಿರುವು ಬಂದ ಕಡೆ ಸಾಲಿನ ಮೊದಲಲ್ಲಿ, ಅಡಿಯಲ್ಲಿ, ಒಂದು ಅಡ್ಡಗೀಟು ಎಳೆಯುತ್ತಿದ್ದರು. ಮುಂದೆ ಲ್ಯಾಟಿನ್ ಬರಹಗಾರರು ಹೊಸ ಅಧ್ಯಾಯಕ್ಕೆ 'ಕಪಿಟುಲುಮ್' ಎಂಬ ಪದದ ಮೊದಲಕ್ಷರವನ್ನೇ ಗುರುತಾಗಿ ಹಾಕಿದರು. ಅದಕ್ಕೆ ಗೀಟು ಸೇರಿ ಇವತ್ತು ಕಂಪ್ಯೂಟರಿನಲ್ಲಿ ಕಾಣುವ ¶ ಆಯಿತು. ಅದನ್ನು ಕೆಂಪು ಶಾಯಿಯಲ್ಲಿ ಬರೆಯಲು ಬೇರೆ ಕೆಲಸಗಾರ ಇದ್ದ. ಅಚ್ಚು ಬಂದ ಮೊದಲ ದಶಕಗಳಲ್ಲಿ ಅಚ್ಚಿನವರು ಆ ಗುರುತಿಗೆ ಜಾಗ ಖಾಲಿ ಬಿಡುತ್ತಿದ್ದರು, ಕೆಂಪು ಶಾಯಿಯವನು ಬಂದು ತುಂಬಬೇಕಿತ್ತು. ಪುಸ್ತಕ ಹೆಚ್ಚಾದವು, ಕೈ ಸಾಲಲಿಲ್ಲ, ಜಾಗ ಖಾಲಿ ಉಳಿಯಿತು. ಪ್ಯಾರಾದ ಮೊದಲ ಸಾಲನ್ನು ಒಳಕ್ಕೆ ಸರಿಸುವ ಪದ್ಧತಿ ಹೀಗೆ ಬಂತು ಅಂತ ಅಚ್ಚಿನ ಚರಿತ್ರೆಕಾರರು ಹೇಳುತ್ತಾರೆ. ನಾವು ಶಾಲೆಯಲ್ಲಿ ಬೆರಳಿಟ್ಟು ಬಿಡುತ್ತಿದ್ದ ಆ ಜಾಗ, ಒಬ್ಬ ಕೆಲಸಗಾರ ಬಾರದೆ ಉಳಿದ ಜಾಗ.

ಅಚ್ಚಿನ ಮನೆಯಲ್ಲಿ ಸಾಲು ಮುರಿಯುವುದು ಮೊಳೆ ಜೋಡಿಸುವವನ ಕೆಲಸವಾಯಿತು. ಅಗಲ ಮೊದಲೇ ಗೊತ್ತು. ಅದಕ್ಕೆ ಸರಿಯಾಗಿ ಮೊಳೆ ತುಂಬಬೇಕು, ಪದ ಹಿಡಿಯದಿದ್ದರೆ ಅಡ್ಡಗೆರೆ ಹಾಕಿ ಮುರಿಯಬೇಕು. ಆದರೆ ಅವನಿಗೆ ಕಣ್ಣಿತ್ತು, ಬುದ್ಧಿಯಿತ್ತು. ಕವನ ಬಂದರೆ ಕವನದ ಹಾಗೆ ಜೋಡಿಸಿದ, ಗದ್ಯ ಬಂದರೆ ಗದ್ಯದ ಹಾಗೆ. ಓದುವವನೂ ಮನುಷ್ಯ. ಸಾಲಿನ ಕೊನೆಯ ಅಡ್ಡಗೆರೆ ಜಾಗಕ್ಕಾಗಿ ಬಂದದ್ದೋ ಮಾತಿಗಾಗಿ ಬಂದದ್ದೋ ಅಂತ ಅವನಿಗೆ ಗೊತ್ತಾಗುತ್ತಿತ್ತು. ಇಬ್ಬರ ನಡುವೆ ಈ ತಿಳುವಳಿಕೆ ಇದ್ದದ್ದರಿಂದ ಎರಡು ಮುರಿತಗಳಿಗೂ ಬೇರೆ ಗುರುತು ಬೇಕು ಅಂತ ಯಾರಿಗೂ ಅನ್ನಿಸಲಿಲ್ಲ.

ಆಮೇಲೆ ಯಂತ್ರ ಬಂತು. 1874ರಲ್ಲಿ ರೆಮಿಂಗ್ಟನ್ ಕಂಪನಿ ಮಾರಿದ ಶೋಲ್ಸ್ ಮತ್ತು ಗ್ಲಿಡನ್ ಟೈಪ್‌ರೈಟರಿನಲ್ಲಿ ಹೊಲಿಗೆ ಯಂತ್ರದ ಹಾಗೆ ಕಾಲಲ್ಲಿ ತುಳಿದರೆ ಕ್ಯಾರೇಜು ಹಿಂದಕ್ಕೆ ಬರುತ್ತಿತ್ತು. ಮುಂದೆ ಅದು ಕೈ ಹಿಡಿಯಾಯಿತು. ಕೋರ್ಟಿನ ಮುಂದೆ ಮರದ ಕೆಳಗೆ ಕೂತು ಅರ್ಜಿ ಟೈಪ್ ಮಾಡುವವರನ್ನು ಕಂಡವರಿಗೆ ಗೊತ್ತು. ಸಾಲು ಮುಗಿಯುವ ಮುಂಚೆ ಟಿಣ್ ಅಂತ ಗಂಟೆ. ಹಿಡಿ ಎಳೆದರೆ ಎರಡು ಕೆಲಸ: ಕ್ಯಾರೇಜು ಸಾಲಿನ ಮೊದಲಿಗೆ ಬರುತ್ತದೆ, ಕಾಗದ ಒಂದು ಸಾಲು ಮೇಲೇರುತ್ತದೆ. ಕೈ ಒಂದೇ ಸಲ ಎಳೆಯಿತು, ಕೆಲಸ ಮಾತ್ರ ಎರಡು. ಮುಂದಿನ ರಗಳೆಗೆಲ್ಲ ಬೀಜ ಇಲ್ಲಿದೆ.

ತಂತಿಯಲ್ಲಿ ಅಕ್ಷರ ಕಳಿಸುವ ಯಂತ್ರಕ್ಕೆ 1901ರ ಹೊತ್ತಿಗೆ ನ್ಯೂಜಿಲೆಂಡ್ ಮೂಲದ ಪತ್ರಕರ್ತ ಡೊನಾಲ್ಡ್ ಮರ್ರೆ ಹೊಸ ಸಂಕೇತ ಪಟ್ಟಿ ಮಾಡಿದ. ದೂರದಲ್ಲಿರುವ ಯಂತ್ರಕ್ಕೆ ಕೈಯಿಲ್ಲ, ಹಿಡಿ ಎಳೆಯುವವರಿಲ್ಲ. ಆದ್ದರಿಂದ ಅಕ್ಷರಗಳ ಜೊತೆ ಅಪ್ಪಣೆಗಳನ್ನೂ ಕಳಿಸಬೇಕಾಯಿತು. ಎರಡು ಕೆಲಸಕ್ಕೆ ಎರಡು ಅಪ್ಪಣೆ. ಒಂದು, ಮೊದಲಿಗೆ ವಾಪಸು ಬಾ. ಇನ್ನೊಂದು, ಕಾಗದ ಏರಿಸು. 1963ರಲ್ಲಿ ಬಂದ ಟೆಲಿಟೈಪ್ 33 ಎಂಬ ಯಂತ್ರ ಸೆಕೆಂಡಿಗೆ 10 ಅಕ್ಷರ ಹೊಡೆಯುತ್ತಿತ್ತು. ಅದರ ತಲೆ ಬಲಗಡೆ ಕೊನೆಯಿಂದ ಎಡಕ್ಕೆ ಓಡಿ ಬರಲು ಒಂದು ಅಕ್ಷರ ಹೊಡೆಯುವ ಹೊತ್ತು ಸಾಲದು. ಅದಕ್ಕೇ ಮೊದಲು 'ವಾಪಸು ಬಾ' ಅಂತ ಹೇಳಿ, ಅದು ಓಡಿ ಬರುವಷ್ಟರಲ್ಲಿ 'ಕಾಗದ ಏರಿಸು' ಅನ್ನುವುದು ರೂಢಿಯಾಯಿತು. ಕಬ್ಬಿಣದ ತಲೆಯೊಂದಕ್ಕೆ ಓಡಿ ಬರಲು ಹೊತ್ತು ಬೇಕಾಗಿತ್ತು. ಆ ಯಂತ್ರಗಳೆಲ್ಲ ಗುಜರಿಗೆ ಹೋದವು, ಅಪ್ಪಣೆ ಮಾತ್ರ ಇವತ್ತಿಗೂ ನಮ್ಮ ಫೈಲುಗಳಲ್ಲಿ ಕೂತಿದೆ. ಕಾರಣ ಸತ್ತ ಮೇಲೂ ಕಟ್ಟಳೆ ಬದುಕಿರುವುದು ನಮಗೇನು ಹೊಸದಲ್ಲ.

ಅದೇ 1963ರಲ್ಲಿ ಅಮೆರಿಕದಲ್ಲಿ ಆಸ್ಕಿ ಎಂಬ ಸಂಖ್ಯಾಪಟ್ಟಿ ಪ್ರಕಟವಾಯಿತು. ಅದರಲ್ಲಿ 'ವಾಪಸು ಬಾ' ಅನ್ನೋದಕ್ಕೆ 13, 'ಕಾಗದ ಏರಿಸು' ಅನ್ನೋದಕ್ಕೆ 10. ಪಟ್ಟಿ ಒಂದೇ ಆದರೂ ಬಳಸುವವರು ಮೂರು ಪಂಗಡವಾದರು. ಫೈಲಿಗೆ ಕಾಗದವೂ ಇಲ್ಲ ಕ್ಯಾರೇಜೂ ಇಲ್ಲ, ಸಾಲಿಗೆ ಒಂದು ಗುರುತು ಸಾಕು ಅಂತ ಮಲ್ಟಿಕ್ಸ್ ಮಾಡಿದವರು, ಅವರ ಹಿಂದೆ 1969ರಿಂದ ಯೂನಿಕ್ಸ್ ಕಟ್ಟಿದವರು, ಬರೀ 10 ಇಟ್ಟುಕೊಂಡರು. ಗ್ಯಾರಿ ಕಿಲ್ಡಾಲ್ 1974ರಲ್ಲಿ ಮಾಡಿದ ಸಿಪಿ/ಎಂ, ಅದರ ಜಾಡಿನಲ್ಲಿ 1981ರ ಡಾಸ್, ಮುಂದೆ ವಿಂಡೋಸ್, 13 ಮತ್ತು 10 ಎರಡನ್ನೂ ಹಿಡಿದವು. 1984ರ ಮ್ಯಾಕಿಂಟಾಶ್ ಬರೀ 13 ಇಟ್ಟುಕೊಂಡು, 2001ರಲ್ಲಿ ಹೊಸ ವ್ಯವಸ್ಥೆ ಬಂದಾಗ 10ಕ್ಕೆ ಬದಲಾಯಿತು. ಒಬ್ಬರ ಫೈಲು ಇನ್ನೊಬ್ಬರ ಯಂತ್ರಕ್ಕೆ ಹೋದರೆ ಸಾಲೆಲ್ಲ ಒಂದಾಗುವುದು, ಇಲ್ಲವೇ ಒಂದಕ್ಕೆ ಎರಡಾಗುವುದು, ಇದರಿಂದಲೇ. ಯೂನಿಕ್ಸಿನಿಂದ ಬಂದ ಫೈಲನ್ನು ವಿಂಡೋಸಿನ ನೋಟ್‌ಪ್ಯಾಡಿನಲ್ಲಿ ತೆರೆದರೆ 2018ರವರೆಗೂ ಸಾಲುಗಳೆಲ್ಲ ಸೇರಿ ಒಂದೇ ಹರಿವಾಗಿ ಕಾಣುತ್ತಿದ್ದವು. ಆ ವರ್ಷ ಅದು ಮೂರೂ ಪಂಗಡದ ಗುರುತನ್ನು ಒಪ್ಪಿಕೊಂಡಿತು. ಒಂದು ಬಾಗಿಲು ತೆರೆಯಲು ಇಷ್ಟು ವರ್ಷ.

ಇನ್ನು ಅಗಲದ ಮಾತು. ಸಾಲು ಎಷ್ಟು ಉದ್ದ ಇರಬೇಕು ಅಂತ ತೀರ್ಮಾನಿಸಿದ್ದು ಮಾತೂ ಅಲ್ಲ, ಕಣ್ಣೂ ಅಲ್ಲ, ಒಂದು ರಟ್ಟಿನ ಚೀಟಿ. 1928ರಲ್ಲಿ ಐಬಿಎಂ ಕಂಪನಿ 80 ಕಾಲಮ್ಮಿನ ತೂತಿನ ಚೀಟಿ ತಂದಿತು. ಒಂದು ಕಾಲಮ್ಮಿಗೆ ಒಂದು ಅಕ್ಷರ. ಚೀಟಿಗೆ ತೂತು ಹೊಡೆಯಲು ಸಾಲು ಸಾಲಾಗಿ ಕೂತವರು ಬಹುಪಾಲು ಹೆಂಗಸರು. ಚೀಟಿ ಹೋಗಿ ಪರದೆ ಬಂತು. 1978ರ ವಿಟಿ-100 ಎಂಬ ಪರದೆಯೂ 80 ಅಕ್ಷರದ ಅಗಲವನ್ನೇ ಉಳಿಸಿಕೊಂಡಿತು. 2001ರಲ್ಲಿ ಇ-ಮೇಲ್ ನಿಯಮ ತಿದ್ದಿದವರೂ ಸಾಲು 78 ಅಕ್ಷರ ದಾಟದಿದ್ದರೆ ಒಳ್ಳೆಯದು ಅಂತ ಬರೆದರು. ಸಾಲಿನ ಅಗಲ ಹೀಗೆ ತಲೆಯಿಂದ ತಲೆಗೆ ಆಸ್ತಿಯ ಹಾಗೆ ಬಂತು.

ಇವೆಲ್ಲ ಒಂದು ಕಡೆ ಕೂಡುವುದು ಮೈಕಲ್ ಹಾರ್ಟ್ ಎಂಬ ವಿದ್ಯಾರ್ಥಿಯ ಕತೆಯಲ್ಲಿ. 1971ರ ಜುಲೈ 4ರಂದು ಇಲಿನಾಯ್ ವಿಶ್ವವಿದ್ಯಾಲಯದ ದೊಡ್ಡ ಕಂಪ್ಯೂಟರಿಗೆ ಆತ ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಟೈಪ್ ಮಾಡಿ ಹಾಕಿದ. ಚಿಕ್ಕಕ್ಷರ ಆ ಯಂತ್ರದಲ್ಲಿರಲಿಲ್ಲ, ಎಲ್ಲವೂ ದೊಡ್ಡಕ್ಷರ. ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಪುಕ್ಕಟೆ ಪುಸ್ತಕ ಭಂಡಾರ ಶುರುವಾದದ್ದು ಹೀಗೆ. ಇವತ್ತು ಅಲ್ಲಿ 70,000ಕ್ಕೂ ಹೆಚ್ಚು ಪುಸ್ತಕಗಳಿವೆ. ಪುಸ್ತಕ ಯಾವ ಯಂತ್ರದಲ್ಲೂ ಓದಲು ಬರಬೇಕು, ಕಂಪನಿಯ ಕೃಪೆ ಬೇಡ ಅನ್ನೋದು 2011ರಲ್ಲಿ ತೀರಿಕೊಳ್ಳುವವರೆಗೂ ಹಾರ್ಟನ ಹಟ. ಆದ್ದರಿಂದ ಸಾದಾ ಫೈಲು. ಒಂದೊಂದು ಸಾಲಿಗೆ ಸುಮಾರು 65-70 ಅಕ್ಷರ, ಅಲ್ಲಿ ಗಟ್ಟಿ ಮುರಿತ, ಪ್ಯಾರಾ ಪ್ಯಾರಾದ ನಡುವೆ ಒಂದು ಖಾಲಿ ಸಾಲು. ಅವತ್ತಿನ ಪರದೆಗೆ ಅದು ಹೇಳಿ ಮಾಡಿಸಿದ್ದು. ಇವತ್ತು ಅದೇ ಫೈಲನ್ನು ಅಂಗೈಯಗಲದ ಫೋನಿನಲ್ಲಿ ತೆರೆದರೆ 40 ಅಕ್ಷರಕ್ಕೆ ಪರದೆ ಸಾಲು ಮುರಿಯುತ್ತದೆ, 70ಕ್ಕೆ ಫೈಲು ಮುರಿಯುತ್ತದೆ. ಒಂದು ಉದ್ದ ಸಾಲು, ಒಂದು ಗಿಡ್ಡ ಸಾಲು, ಕುಂಟುತ್ತಾ ಇಳಿಯುತ್ತದೆ. ಜನರಿಗೆ ಪುಸ್ತಕ ಮುಟ್ಟಿಸಬೇಕು ಅನ್ನೋ ಒಳ್ಳೇ ಮನಸ್ಸಿಗೂ ತನ್ನ ಕಾಲದ ಯಂತ್ರದ ಅಳತೆ ಮೆತ್ತಿಕೊಂಡಿತ್ತು.

ಎರಡು ಮುರಿತಗಳನ್ನು ಬೇರೆ ಮಾಡಬೇಕು ಅಂತ ಹೊಳೆದವರು ಇರಲಿಲ್ಲವೆಂದಲ್ಲ. 1964ರಲ್ಲೇ ಜೆರೋಮ್ ಸಾಲ್ಟ್‌ಜರ್ ಬರೆದ ರನ್‌ಆಫ್ ಎಂಬ ತಂತ್ರಾಂಶ, ನೀವು ಹೇಗಾದರೂ ಮುರಿದು ಟೈಪ್ ಮಾಡಿ, ಸಾಲು ತುಂಬಿಸುವುದು ನನಗೆ ಬಿಡಿ ಅಂದಿತು. ಡೊನಾಲ್ಡ್ ಕ್ನೂತ್ 1978ರಲ್ಲಿ ಹೊರತಂದ ಟೆಕ್‌ನಲ್ಲಿ ಖಾಲಿ ಸಾಲು ಬಂದರೆ ಮಾತ್ರ ಹೊಸ ಪ್ಯಾರಾ, ಒಂಟಿ ಮುರಿತಕ್ಕೆ ಬರೀ ಪದ ಪದದ ನಡುವಿನ ಜಾಗದ ಬೆಲೆ. ವರ್ಡ್‌ಸ್ಟಾರ್ ಎಂಬ ತಂತ್ರಾಂಶ ಇನ್ನೂ ಜಾಣತನ ಮಾಡಿತು. ಬರೆಯುವವನು ಒತ್ತಿದ ಮುರಿತಕ್ಕೆ ಎಂದಿನ 13, ತಾನಾಗಿ ಮುರಿದದ್ದಕ್ಕೆ 141 ಎಂಬ ಬೇರೆ ಸಂಖ್ಯೆ. ಎಷ್ಟು ಸರಳ! ಆದರೆ ಬೇರೆ ತಂತ್ರಾಂಶಗಳಿಗೆ ಆ ಭಾಷೆ ತಿಳಿಯದೆ ಅಲ್ಲಿ ಕಸದಂತಹ ಚಿಹ್ನೆ ಕಾಣುತ್ತಿತ್ತು. 1999ರಲ್ಲಿ ಇ-ಮೇಲಿಗೆ ಇನ್ನೊಂದು ಉಪಾಯ ಬಂತು: ಸಾಲಿನ ಕೊನೆಯಲ್ಲಿ ಒಂದು ಖಾಲಿ ಜಾಗ ಉಳಿದಿದ್ದರೆ ಅದು ಯಂತ್ರದ ಮುರಿತ, ಇಲ್ಲದಿದ್ದರೆ ಮನುಷ್ಯನ ಮುರಿತ. ಕೊನೆಗೆ ಯೂನಿಕೋಡ್ ಮಾಡಿದವರು ಸಾಲಿಗೊಂದು, ಪ್ಯಾರಾಗೊಂದು, ಹೀಗೆ ಎರಡು ಪ್ರತ್ಯೇಕ ಗುರುತುಗಳನ್ನೇ ಕೊಟ್ಟರು. ಬಳಸುವವರು ಮಾತ್ರ ಅಪರೂಪ. ರೂಢಿ ಅನ್ನೋದು ಕಾನೂನಿಗಿಂತ ಗಟ್ಟಿ. ಇದನ್ನೂ ನಾವು ಬೇರೆ ಕಡೆ ಕಂಡಿದ್ದೇವೆ.

ಹಾಗಾಗಿ ಗುರುತಿಲ್ಲದ ಫೈಲುಗಳ ರಾಶಿ ಉಳಿಯಿತು, ಅದನ್ನು ಹಸನು ಮಾಡಲು ಮನುಷ್ಯರೇ ಬೇಕಾದರು. 2000ದಲ್ಲಿ ಚಾರ್ಲ್ಸ್ ಫ್ರಾಂಕ್ಸ್ ಶುರು ಮಾಡಿದ ಡಿಸ್ಟ್ರಿಬ್ಯೂಟೆಡ್ ಪ್ರೂಫ್‌ರೀಡರ್ಸ್ ಎಂಬ ಬಳಗದಲ್ಲಿ ಸಾವಿರಾರು ಜನ ಸಂಬಳವಿಲ್ಲದೆ ಪ್ರೂಫು ತಿದ್ದುತ್ತಾರೆ. ಒಂದು ಕಡೆ ಹಳೇ ಪುಸ್ತಕದ ಪುಟದ ಚಿತ್ರ, ಇನ್ನೊಂದು ಕಡೆ ಯಂತ್ರ ಓದಿಕೊಟ್ಟ ಅಕ್ಷರ. ಅವರ ನಿಯಮಗಳನ್ನು ಓದಿದರೆ ಕೈಕೆಲಸದವರ ವಿವೇಕ ಗೊತ್ತಾಗುತ್ತದೆ. ತಿದ್ದುವಾಗ ಪುಟದಲ್ಲಿ ಸಾಲು ಮುರಿದ ಕಡೆಯೇ ಫೈಲಿನಲ್ಲೂ ಮುರಿದಿರಲಿ, ಮುಂದಿನವರು ಹೋಲಿಸಿ ನೋಡಬೇಕು, ಸಾಲು ಸೇರಿಸುವುದು ಎಲ್ಲ ಮುಗಿದ ಮೇಲೆ. ಪ್ಯಾರಾದ ನಡುವೆ ಒಂದು ಖಾಲಿ ಸಾಲು. ಹೊಸ ಅಧ್ಯಾಯಕ್ಕೆ ಮೇಲೆ ನಾಲ್ಕು, ತಲೆಬರಹದ ಕೆಳಗೆ ಎರಡು. ಸಾಲಿನ ಕೊನೆಯ ಅಡ್ಡಗೆರೆ ನಿಜವಾದದ್ದೋ ಜಾಗಕ್ಕಾಗಿ ಬಂದದ್ದೋ ತಿಳಿಯದಿದ್ದರೆ ಊಹೆ ಮಾಡಬೇಡಿ, ಅದರ ಪಕ್ಕ ಒಂದು ನಕ್ಷತ್ರ ಇಟ್ಟು ಬಿಡಿ, ಇಡೀ ಪುಸ್ತಕ ನೋಡಿದವರು ತೀರ್ಮಾನಿಸುತ್ತಾರೆ. ಕವನ ಬಂದರೆ ಅದರ ಮೇಲೊಂದು ಕೆಳಗೊಂದು ಗುರುತು, ಇದರ ಸಾಲು ಯಾರೂ ಸೇರಿಸಕೂಡದು ಅಂತ. ಯಂತ್ರ ನೆನಪಿಡದೆ ಹೋದ ವ್ಯತ್ಯಾಸವನ್ನು ಹೀಗೆ ಕೈಯಿಂದ ಕೈಗೆ ವಾಪಸು ತುಂಬುತ್ತಿದ್ದಾರೆ.

ಈಗ ಕನ್ನಡಕ್ಕೆ ಬರೋಣ. ನಮ್ಮಲ್ಲೂ ಹಳೇ ಪುಟಗಳ ಚಿತ್ರ ತೆಗೆದು ಯಂತ್ರದಿಂದ ಅಕ್ಷರ ಓದಿಸುವ ಕೆಲಸ ನಡೆದಿದೆ. ಯಂತ್ರ ಓದಿಕೊಟ್ಟದ್ದು ಪುಟದಲ್ಲಿ ಮುರಿದ ಕಡೆಯೆಲ್ಲ ಮುರಿದೇ ಇರುತ್ತದೆ. ಎರಡು ಕಾಲಮ್ಮಿನ ಪತ್ರಿಕೆಯಾದರೆ ಒಂದು ಸಾಲಿಗೆ ಮೂರೋ ನಾಲ್ಕೋ ಪದ. 'ಮಕ್ಕ-' ಒಂದು ಸಾಲಲ್ಲಿ, 'ಳು' ಇನ್ನೊಂದು ಸಾಲಲ್ಲಿ. ಇಲ್ಲಿ ಅಡ್ಡಗೆರೆ ತೆಗೆದು ಸೇರಿಸಬೇಕು. 'ತಂದೆ-' ಮೇಲೆ, 'ತಾಯಿ' ಕೆಳಗೆ. ಇಲ್ಲಿ ಅಡ್ಡಗೆರೆ ಉಳಿಯಬೇಕು. ಯಾವ ಸೂತ್ರಕ್ಕೂ ಇದು ಪೂರ್ತಿ ಸಿಗುವುದಿಲ್ಲ, ಭಾಷೆ ಬಲ್ಲ ಕಣ್ಣು ಬೇಕು. ಇನ್ನೊಂದು ಅಪಾಯ ಕನ್ನಡಕ್ಕೇ ಸೇರಿದ್ದು. ರಾಜ್‌ಕುಮಾರ್ ಅಂತ ಬರೆದಾಗ ಜಕಾರದ ಕೆಳಗೆ ಕಕಾರ ಒತ್ತಾಗದಂತೆ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ನಿಂತಿರುತ್ತದೆ. ಕಾಣದ ಚಿಹ್ನೆಗಳೆಲ್ಲ ಕಸ ಅಂತ ಗುಡಿಸುವ ತಂತ್ರಾಂಶ ಅದನ್ನೂ ಗುಡಿಸಿಬಿಟ್ಟರೆ ರಾಜ್ಕುಮಾರ್ ಆಗಿಹೋಗುತ್ತದೆ. ಇಂಗ್ಲಿಷಿಗೆ ಅಂತ ಮಾಡಿದ ಪೊರಕೆಯಲ್ಲಿ ಕನ್ನಡದ ಅಂಗಳ ಗುಡಿಸಿದರೆ ಬೀಜವೂ ಹೋಗುತ್ತದೆ.

ಅದಕ್ಕಿಂತ ದೊಡ್ಡ ಮಾತು ಹಾಡಿನದು. ವಚನಗಳು ತಾಳೆಗರಿಯಲ್ಲಿ ಗದ್ಯದ ಹಾಗೆ ಒಂದೇ ಸಮನೆ ಹರಿದಿದ್ದವು. ಫ.ಗು. ಹಳಕಟ್ಟಿಯವರ ವಚನಶಾಸ್ತ್ರಸಾರ 1923ರಲ್ಲಿ ಬಂತು. ಅವರೂ ಅವರ ನಂತರದ ಸಂಪಾದಕರೂ ವಚನಗಳನ್ನು ಅಚ್ಚಿಗೆ ತಂದರು. ನಾವಿವತ್ತು ಪಠ್ಯಪುಸ್ತಕದಲ್ಲಿ ಕಾಣುವ ವಚನದ ಸಾಲುಗಳು ಸಂಪಾದಕರ ಕಿವಿಗೆ ಕೇಳಿಸಿದ ಸಾಲುಗಳು. ಒಂದೇ ವಚನ ಬೇರೆ ಬೇರೆ ಸಂಪುಟಗಳಲ್ಲಿ ಬೇರೆ ಬೇರೆ ಕಡೆ ಮುರಿದು ನಿಂತಿರುವುದನ್ನು ಮೇಷ್ಟರುಗಳು ಕಂಡೇ ಇರುತ್ತಾರೆ. ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರಿಗೆ, ಮಾದೇಶ್ವರನ ಕಾವ್ಯ ಹಾಡುವ ದೇವರಗುಡ್ಡರಿಗೆ ಸಾಲು ಅಂದರೆ ಉಸಿರು, ತಂಬೂರಿಯ ಮೀಟು, ಕಂಸಾಳೆಯ ಪೆಟ್ಟು. ಬರೆದುಕೊಂಡವರು ಆ ಉಸಿರಿಗೆ ಹತ್ತಿರ ಬರಲಿ ಅಂತ ಗಿಡ್ಡ ಗಿಡ್ಡ ಸಾಲಾಗಿ ಬರೆದರು. ಸಾಲು ಗಿಡ್ಡ ಕಂಡ ಕೂಡಲೆ ಇದು ಯಂತ್ರದ ಮುರಿತ, ಸೇರಿಸು ಅಂತ ಹೇಳಿದ ತಂತ್ರಾಂಶಕ್ಕೆ ಕಂಸಾಳೆ ಕೇಳಿಸುವುದಿಲ್ಲ. ಅದು ಎಲ್ಲವನ್ನೂ ಒತ್ತರಿಸಿ ಒಂದು ಚೊಕ್ಕ ಪ್ಯಾರಾ ಮಾಡಿ ಕೈಗಿಡುತ್ತದೆ. ನೋಡೋಕೆ ಬಹಳ ಶುಚಿ. ಒಳಗೆ ಉಸಿರಿಲ್ಲ.

ಹಾಡಷ್ಟೇ ಅಲ್ಲ. ನಮ್ಮ ಮನೆಗಳಲ್ಲಿ ಕಾಗದ ಅಂದರೆ ಪಹಣಿ, ಪಡಿತರ ಚೀಟಿ, ಕೂಲಿಯ ಹಾಜರಿ ಪಟ್ಟಿ. ಅಲ್ಲಿ ಒಂದು ಸಾಲಿಗೆ ಒಬ್ಬ ಮನುಷ್ಯ. ಹೆಸರು, ಸರ್ವೆ ನಂಬರು, ಎಕರೆ, ಗುಂಟೆ. ಇಂಥ ಪಟ್ಟಿಯ ಸಾಲು ಸೇರಿಸಿದರೆ ಒಬ್ಬನ ಗುಂಟೆ ಇನ್ನೊಬ್ಬನ ಹೆಸರಿನ ಪಕ್ಕ ಹೋಗಿ ಕೂರುತ್ತದೆ. ಸಾಲು ಮುರಿಯುವುದು ಸೌಂದರ್ಯದ ವಿಷಯ ಮಾತ್ರ ಅಂದುಕೊಂಡವರು ಒಂದು ಪಹಣಿ ಇಟ್ಟುಕೊಂಡು ಈ ಪ್ರಯೋಗ ಮಾಡಿ ನೋಡಲಿ.

ಹಾಗಾದರೆ ಕೆಲಸ ಮಾಡುವುದು ಹೇಗೆ? ಹಳ್ಳಿ ಶಾಲೆಯ ಕಂಪ್ಯೂಟರಿನಲ್ಲೂ ಆಗುವ ದಾರಿ ಇದೆ. ಮೊದಲು ಮೂಲದ ಒಂದು ಪ್ರತಿಯನ್ನು ಮುಟ್ಟದೆ ಎತ್ತಿಡಿ. ಫೈಲಿನಲ್ಲಿ 13 ಇರಲಿ, 13 ಮತ್ತು 10 ಇರಲಿ, ಸಾಲಿನ ಗುರುತನ್ನೆಲ್ಲ ಒಂದೇ ಥರಕ್ಕೆ ತನ್ನಿ. ಅದು ಇ-ಮೇಲಿನಿಂದ ಬಂದದ್ದಲ್ಲವಾದರೆ ಸಾಲಿನ ಕೊನೆಯ ಖಾಲಿ ಜಾಗಗಳನ್ನು ತೆಗೆಯಿರಿ. ಕಣ್ಣಿಗೆ ಖಾಲಿ ಕಂಡರೂ ಒಳಗೆ ಎರಡು ಜಾಗ ಬಚ್ಚಿಟ್ಟುಕೊಂಡ ಸಾಲನ್ನು ಯಂತ್ರ ಖಾಲಿ ಅಂತ ಒಪ್ಪುವುದಿಲ್ಲ. ಆಮೇಲೆ ಕಣ್ಣಿಟ್ಟು ಓದಿ, ಕವನ, ಹಾಡು, ಸಂಭಾಷಣೆ, ಪಟ್ಟಿ ಇರುವ ಕಡೆಯನ್ನೆಲ್ಲ ಗುರುತು ಹಾಕಿ ಬೇರೆ ಮಾಡಿ. ಇದನ್ನು ಯಂತ್ರಕ್ಕೆ ಬಿಡಬೇಡಿ. ಉಳಿದ ಗದ್ಯದಲ್ಲಿ ಸಾಲಿನ ಗುರುತು ಎರಡು ಒಟ್ಟಿಗೆ ಬಂದ ಕಡೆ, ಅಂದರೆ ಖಾಲಿ ಸಾಲಿರುವ ಕಡೆ, ಪಠ್ಯದಲ್ಲಿ ಎಲ್ಲೂ ಬಾರದ ಒಂದು ಚಿಹ್ನೆ ಇಡಿ. ಈಗ ಉಳಿದ ಒಂಟಿ ಗುರುತುಗಳನ್ನೆಲ್ಲ ಪದ ಪದದ ನಡುವಿನ ಜಾಗವಾಗಿ ಬದಲಿಸಿ. ಕೊನೆಗೆ ಆ ಚಿಹ್ನೆಯನ್ನು ಮತ್ತೆ ಖಾಲಿ ಸಾಲು ಮಾಡಿ. ಪ್ಯಾರಾದ ನಡುವೆ ಖಾಲಿ ಸಾಲೇ ಇಲ್ಲದ ಪುಸ್ತಕವಾದರೆ ಮೊದಲ ಸಾಲು ಒಳಕ್ಕೆ ಸರಿದದ್ದನ್ನೋ, ಕೊನೆಯ ಸಾಲು ಅಗಲ ತುಂಬದೆ ನಿಂತದ್ದನ್ನೋ ನೋಡಿ ಹಿಡಿಯಬೇಕು. ಅಡ್ಡಗೆರೆಗಳನ್ನು ಒಂದೊಂದಾಗಿ ನೋಡಿ. ತಿಳಿಯದ ಕಡೆ ಗುರುತಿಟ್ಟು ಮುಂದೆ ಹೋಗಿ. ಹಾಡಿನಲ್ಲಿ ಅನುಮಾನ ಬಂದರೆ ಹಾಡಿದವರು ಬದುಕಿದ್ದರೆ ಅವರ ಮನೆಗೆ ಹೋಗಿ ಇನ್ನೊಮ್ಮೆ ಹಾಡಿಸಿ ಕೇಳಿ. ತೀರ್ಪು ಅವರದು.

ಇನ್ನೊಂದು ಮಾತು. ಕೆಂಪು ಶಾಯಿಯವನ ಹೆಸರು ಗೊತ್ತಿಲ್ಲ. ಮೊಳೆ ಜೋಡಿಸಿದವನ ಹೆಸರು ಪುಸ್ತಕದಲ್ಲಿಲ್ಲ. ಚೀಟಿಗೆ ತೂತು ಹೊಡೆದ ಹೆಂಗಸರ ಹೆಸರು ಚರಿತ್ರೆಯಲ್ಲಿಲ್ಲ. ಎಲ್ಲಾ ಕಾಲದಲ್ಲೂ ಹಸನು ಮಾಡಿದವರು ಹೊರಗೇ ನಿಂತರು, ಹಸನಾದದ್ದು ಮಾತ್ರ ಒಳಗೆ ಹೋಯಿತು. ನಮ್ಮ ಕೈಯಲ್ಲಿ ನಡೆಯುವ ಕೆಲಸದಲ್ಲಾದರೂ ಹೀಗಾಗಬಾರದು. ಫೈಲಿನ ಕೊನೆಯಲ್ಲಿ ಎರಡು ಖಾಲಿ ಸಾಲು ಬಿಟ್ಟು, ಹಾಡಿದವರು ಯಾರು, ಬರೆದುಕೊಂಡವರು ಯಾರು, ಟೈಪ್ ಮಾಡಿದವರು ಯಾರು, ಸಾಲು ಸೇರಿಸಿದವರು ಯಾರು, ಎಲ್ಲೆಲ್ಲಿ ಸೇರಿಸದೆ ಬಿಟ್ಟರು ಅಂತ ಅವರ ಒಪ್ಪಿಗೆ ಕೇಳಿ ಬರೆದಿಡಿ. ಒಬ್ಬೊಬ್ಬರ ಹೆಸರಿಗೂ ಒಂದೊಂದು ಸಾಲು ಕೊಡಿ. ಆ ಸಾಲುಗಳನ್ನು ಯಾರೂ ಸೇರಿಸದಿರಲಿ.